ಬ್ಯಾಟರಿ ಕಾರು ಕೊಳ್ಳುವ ಮೊದಲು ಮನೆಯ ಮೀಟರ್ ನೋಡಿ



ಯಲಹಂಕದಿಂದ ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಕಡೆಗೆ ಹೊರಟರೆ ಹಸಿರು ನಂಬರ್ ಪ್ಲೇಟಿನ ಗಾಡಿಗಳು ಈಗ ಸಾಮಾನ್ಯ. ಬ್ಯಾಟರಿ ಸ್ಕೂಟರ್‌ಗಳು ಹಾಲಿನ ಡೇರಿಯ ಮುಂದೆಯೂ ನಿಲ್ಲುತ್ತಿವೆ. "ಪೆಟ್ರೋಲ್ ಖರ್ಚೇ ಇಲ್ಲ, ಮನೆ ಕರೆಂಟ್ ಹೇಗೂ ಫ್ರೀ, ನಾವೂ ಒಂದು ಬ್ಯಾಟರಿ ಕಾರು ತಗೊಳ್ಳೋಣ" ಎಂಬ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಕಾರು ಯಾರ ಹೆಸರಿನಲ್ಲೇ ಬರಲಿ, ಕಂತು ಕಟ್ಟುವುದು ಅನೇಕ ಮನೆಗಳಲ್ಲಿ ಹಾಲಿನ ಬಟವಾಡೆಯ ಹಣದಿಂದಲೇ. ಹಾಗಾಗಿ ಇದರ ಲೆಕ್ಕ ಮೊದಲು ನಿಮಗೆ ತಿಳಿದಿರಬೇಕು.

ನಮ್ಮ ಬೆಂಗಳೂರಿಗೆ ಇದು ಹೊಸದಲ್ಲ

ಬ್ಯಾಟರಿ ಕಾರು ಎಂದರೆ ಹೊರದೇಶದ ವಸ್ತು ಎಂದುಕೊಳ್ಳಬೇಡಿ. 2001ರಲ್ಲೇ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಕಾರು ರಸ್ತೆಗೆ ಇಳಿದಿತ್ತು. ಮನೆಯ 15 ಆಂಪ್ ಪ್ಲಗ್‌ಗೆ ಹಾಕಿದರೆ ಚಾರ್ಜ್ ಆಗುತ್ತಿತ್ತು, ಒಂದು ಚಾರ್ಜಿಗೆ 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಜನ ವಿರಳವಾಗಿರುವ, ಊರಿಂದ ಊರಿಗೆ ಬಹಳ ದೂರವಿರುವ ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಪ್ರತಿ 10 ಹೊಸ ಕಾರುಗಳಲ್ಲಿ ಸುಮಾರು 9 ಬ್ಯಾಟರಿ ಕಾರುಗಳೇ. ಅಲ್ಲಿಯೂ ಹೆಚ್ಚಿನವರು ಚಾರ್ಜ್ ಮಾಡುವುದು ರಾತ್ರಿ, ತಮ್ಮ ಮನೆಯಲ್ಲೇ.

ಹಳ್ಳಿಯವರಿಗೆ ಇದೇ ಅನುಕೂಲ. ನಗರದ ಅಪಾರ್ಟ್‌ಮೆಂಟಿನವರು ಪ್ಲಗ್‌ಗಾಗಿ ಪರದಾಡಬೇಕು. ನಮಗೆ ಅಂಗಳವಿದೆ, ಗೋಡೆಯಿದೆ, ಗಾಡಿ ನಿಲ್ಲಿಸಲು ಜಾಗವಿದೆ. ದೊಡ್ಡಬಳ್ಳಾಪುರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಬಂದರೆ 60–65 ಕಿ.ಮೀ. ಸಣ್ಣ ಬ್ಯಾಟರಿಯ ಕಾರಿಗೂ ಇದು ಕಷ್ಟವಲ್ಲ, ದಾರಿಯಲ್ಲಿ ಚಾರ್ಜ್ ಹುಡುಕುವ ಅಗತ್ಯವಿಲ್ಲ. ದೂರ ಹೋಗುವಾಗ ಬೆಸ್ಕಾಂನ 'ಇವಿ ಮಿತ್ರ' ಆ್ಯಪ್‌ನಲ್ಲಿ ಚಾರ್ಜಿಂಗ್ ಕೇಂದ್ರ ಎಲ್ಲಿದೆ ಎಂದು ನೋಡಿಕೊಳ್ಳಬಹುದು.

ಯೂನಿಟ್ ಲೆಕ್ಕ ಹೀಗೆ

ಬ್ಯಾಟರಿಯ ಮೇಲೆ '24 ಕಿಲೋವ್ಯಾಟ್ ಅವರ್' ಎಂದಿದ್ದರೆ ಗಾಬರಿಯಾಗಬೇಡಿ. ಅದು ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್. 24 ಯೂನಿಟ್ ಹಿಡಿಯುವ ಬ್ಯಾಟರಿ ಎಂದರ್ಥ. ಸಣ್ಣ ಕಾರು ಒಂದು ಯೂನಿಟ್‌ಗೆ 7 ಕಿ.ಮೀ. ಓಡುತ್ತದೆ ಎಂದು ಕೈ ಹಿಡಿದು ಲೆಕ್ಕ ಹಾಕಿ. ಶೋರೂಂನವರು ಹೆಚ್ಚು ಹೇಳುತ್ತಾರೆ, ಆದರೆ ಚಾರ್ಜ್ ಆಗುವಾಗ ಸ್ವಲ್ಪ ಕರೆಂಟ್ ಪೋಲಾಗುತ್ತದೆ.

ತಿಂಗಳಿಗೆ 750 ಕಿ.ಮೀ. ಓಡಿಸುವ ಮನೆ ಎಂದಿಟ್ಟುಕೊಳ್ಳಿ. ಕಾರಿಗೆ ಸುಮಾರು 107 ಯೂನಿಟ್ ಬೇಕು. ತೆರಿಗೆ ಸೇರಿ ಯೂನಿಟ್‌ಗೆ 7 ರೂ. ಹಿಡಿದರೂ 750 ರೂ. ಆಯಿತು. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ 50 ಲೀಟರ್, ಅಂದರೆ ಸುಮಾರು 5,000 ರೂ. ಉಳಿತಾಯ ಇರುವುದು ನಿಜ.

ಗೃಹಜ್ಯೋತಿ ಕೈತಪ್ಪದಿರಲಿ

"ಮನೆ ಕರೆಂಟ್ ಫ್ರೀ" ಎಂಬ ಮಾತು ಅರ್ಧ ಸತ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಿಲ್ಲ. 2022–23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿಗೆ ಸಾಮಾನ್ಯವಾಗಿ ಶೇ. 10 ಸೇರಿಸಿ ನಿಮ್ಮ ಮನೆಯ ಮಿತಿ ಗೊತ್ತು ಮಾಡಿದ್ದಾರೆ. ಆ ಮಿತಿಗಿಂತ ಮೇಲೆ ಬಳಸಿದ್ದಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಎರಡು ಮನೆಗಳ ಉದಾಹರಣೆ ನೋಡಿ. ಮೊದಲ ಮನೆಯ ಸರಾಸರಿ 60 ಯೂನಿಟ್, ಮಿತಿ 66. ಕಾರು ಸೇರಿದರೆ 167. ಅವರು 101 ಯೂನಿಟ್‌ಗೆ ಕಟ್ಟಬೇಕು, ಸುಮಾರು 700 ರೂ. ಎರಡನೇ ಮನೆಯಲ್ಲಿ ಫ್ರಿಜ್, ಮೋಟರ್, ಹಾಲು ಕರೆಯುವ ಯಂತ್ರ ಸೇರಿ ಸರಾಸರಿ 110 ಯೂನಿಟ್. ಕಾರು ಸೇರಿದರೆ 217. ಮಿತಿ ದಾಟಿ 17 ಯೂನಿಟ್ ಆಗಿದ್ದಕ್ಕೆ 217 ಯೂನಿಟ್‌ಗೂ ಕಟ್ಟಬೇಕು, ಸುಮಾರು 1,500 ರೂ. ನಿನ್ನೆಯವರೆಗೆ ಸೊನ್ನೆ ಬಿಲ್ ಬರುತ್ತಿದ್ದ ಮನೆ ಅದು.

ಆದ್ದರಿಂದ ಕಾರು ನೋಡಲು ಹೋಗುವ ಮೊದಲು ಕಳೆದ 12 ತಿಂಗಳ ಬಿಲ್ ಮುಂದಿಟ್ಟುಕೊಂಡು ಕೂಡಿಸಿ ನೋಡಿ. 200ರ ಹತ್ತಿರ ಹೋಗುವಂತಿದ್ದರೆ, ವಾಹನ ಚಾರ್ಜಿಂಗ್‌ಗೆ ಬೇರೆ ದರದ ಪ್ರತ್ಯೇಕ ಮೀಟರ್ ಬಗ್ಗೆ ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಕೇಳಿ. ಆಗ ಕಾರಿನ ಯೂನಿಟ್ ಮನೆಯ ಮೀಟರಿಗೆ ಸೇರುವುದಿಲ್ಲ.

ಪಂಪ್‌ಸೆಟ್ ಕರೆಂಟಿಗೆ ಕೈ ಹಾಕಬೇಡಿ

ತೋಟದಲ್ಲಿ ಬೋರ್‌ವೆಲ್ ಸಂಪರ್ಕ ಉಚಿತವಿದೆ, ಅಲ್ಲೇ ಚಾರ್ಜ್ ಮಾಡೋಣ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದರದ ಎರಡು ಪಟ್ಟು ಹಾಕುತ್ತಾರೆ. ಯಾವತ್ತಿನಿಂದ ಬಳಸಿದಿರಿ ಎಂಬುದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೂ ಲೆಕ್ಕ ಹಾಕಬಹುದು.

ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಫೀಡರ್ ಇದ್ದರೆ ತೊಂದರೆ ಕಡಿಮೆ. ಕಷ್ಟ ಇರುವುದು ತೋಟದ ಮನೆಯವರಿಗೆ. ಅಲ್ಲಿ ಪಂಪ್‌ಸೆಟ್ ಫೀಡರ್‌ನಿಂದಲೇ ಕರೆಂಟ್ ಬರುವುದುಂಟು, ಹೊತ್ತು ಗೊತ್ತಿಲ್ಲದೆ ಹೋಗುತ್ತದೆ, ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ತೀರಾ ಕಡಿಮೆಯಾದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದಾಗ ಚಾರ್ಜ್ ಆಗಿರುವುದಿಲ್ಲ. ನಿಮ್ಮ ಮನೆ ಯಾವ ಫೀಡರ್‌ನಲ್ಲಿದೆ ಎಂದು ಲೈನ್‌ಮನ್‌ರನ್ನು ಕೇಳಿ ತಿಳಿದುಕೊಳ್ಳಿ. ಒಂದು ಸಮಾಧಾನವೆಂದರೆ ದಿನಕ್ಕೆ 30 ಕಿ.ಮೀ. ಓಡಿದ ಕಾರಿಗೆ ಒಂದೂವರೆ ಗಂಟೆ ಸರಿಯಾದ ಕರೆಂಟ್ ಸಿಕ್ಕರೆ ಸಾಕು. ಪೂರ್ತಿ ಖಾಲಿಯಾದ 24 ಯೂನಿಟ್‌ನ ಬ್ಯಾಟರಿಗಾದರೆ 8–9 ಗಂಟೆ ಹಿಡಿಯುತ್ತದೆ.

ಕೊಟ್ಟಿಗೆಯಲ್ಲಿ ಚಾರ್ಜಿಂಗ್ ಬೇಡ

ಇದು ಬಹಳ ಮುಖ್ಯ. ಕಾರು ಚಾರ್ಜ್ ಆಗುವಾಗ 15 ಆಂಪ್ ಪ್ಲಗ್‌ನಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. 2 ಎಚ್‌ಪಿಯ ಎರಡು ಮೇವು ಕತ್ತರಿಸುವ ಯಂತ್ರಗಳನ್ನು ಗಂಟೆಗಟ್ಟಲೆ ಬಿಡದೆ ಓಡಿಸಿದಂತೆ. ಹಳೆಯ ವೈರಿಂಗ್ ಬಿಸಿಯಾಗಿ ಕರಗಬಹುದು. ಮನೆಯ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ಹಾಗೆ ಮಾಡಿದಾಗ ನಿಗದಿತ ಶುಲ್ಕವೂ ಹೆಚ್ಚುತ್ತದೆ.

ಕೊಟ್ಟಿಗೆಯ ನೆಲ ಸದಾ ಒದ್ದೆ. ಗಂಜಲದಿಂದ ಏಳುವ ಅಮೋನಿಯಾ ಪ್ಲಗ್ಗಿನ ಲೋಹವನ್ನು ತಿನ್ನುತ್ತದೆ. ಅರ್ಥಿಂಗ್ ಸರಿಯಿಲ್ಲದೆ ಕರೆಂಟ್ ಸೋರಿದರೆ ನಮಗಿಂತ ಮೊದಲು ಗೊತ್ತಾಗುವುದು ಹಸುವಿಗೆ. ನಾವು ಚಪ್ಪಲಿ ಹಾಕಿಕೊಂಡು ನಿಂತಿರುತ್ತೇವೆ, ಹಸು ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ನಮಗೆ ತಿಳಿಯದಷ್ಟು ಸಣ್ಣ ಸೋರಿಕೆಯಾದರೂ ಹಸು ನೀರಿನ ತೊಟ್ಟಿಗೆ ಮೂತಿ ತಾಗಿಸಿ ಹಿಂದೆ ಸರಿಯುತ್ತದೆ, ಕರೆಯುವಾಗ ಒದೆಯುತ್ತದೆ, ಸರಿಯಾಗಿ ಹಾಲು ಇಳಿಸುವುದಿಲ್ಲ. ನೀರು ಕಡಿಮೆ ಕುಡಿದರೆ ಹಾಲೂ ಕಡಿಮೆ. ಕಾರು ತಂದ ಮೇಲೆ ಹಸು ಹೀಗೆ ಮಾಡತೊಡಗಿದರೆ ವೈದ್ಯರ ಜೊತೆಗೆ ಎಲೆಕ್ಟ್ರಿಷಿಯನ್‌ರನ್ನೂ ಕರೆಸಿ. ಸೋರಿಕೆ ಹೆಚ್ಚಾದರೆ ಹಸುವಿನ ಜೀವಕ್ಕೂ ನಿಮ್ಮ ಜೀವಕ್ಕೂ ಅಪಾಯ.

ಕಂತು ಯಾರು ಕಟ್ಟುತ್ತಾರೆ?

ಸಣ್ಣ ಬ್ಯಾಟರಿ ಕಾರಿಗೂ 7–8 ಲಕ್ಷ ರೂ. ಬೇಕು. 6 ಲಕ್ಷ ಸಾಲವನ್ನು ಶೇ. 9.5ರ ಬಡ್ಡಿಯಲ್ಲಿ 5 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 12,600 ರೂ. ತಿಂಗಳಿಗೆ 750 ಕಿ.ಮೀ. ಓಡಿಸುವ ಮನೆಗೆ ಪೆಟ್ರೋಲಿನಲ್ಲಿ ಉಳಿಯುವುದು 3,500ರಿಂದ 4,300 ರೂ. ಮಿಕ್ಕಿದ್ದು ಹಾಲಿನ ದುಡ್ಡಿನಿಂದಲೇ ಹೋಗಬೇಕು. ಬೇಸಿಗೆಯಲ್ಲಿ ಹಾಲು ಇಳಿದರೂ, ಹಸು ಗಬ್ಬಕ್ಕೆ ನಿಂತು ಬತ್ತಿದರೂ ಕಂತು ನಿಲ್ಲುವುದಿಲ್ಲ. "ಪೆಟ್ರೋಲ್ ಉಳಿತಾಯದಲ್ಲೇ ಕಾರಿನ ಸಾಲ ತೀರುತ್ತದೆ" ಎಂಬುದು ಹೆಚ್ಚಿನ ಮನೆಗಳಿಗೆ ಹೊಂದದ ಮಾತು. ಮನೆಯಲ್ಲಿ ಈಗಾಗಲೇ ಕಾರು ಬೇಕೇ ಬೇಕು, ತಿಂಗಳಿಗೆ 1,500 ಕಿ.ಮೀ. ಮೇಲೆ ಓಡುತ್ತದೆ ಎನ್ನುವವರಿಗೆ ಬ್ಯಾಟರಿ ಕಾರು ಲಾಭ.

ಡೇರಿಗೆ ಹಾಲು, ಮಕ್ಕಳಿಗೆ ಶಾಲೆ, ಸಂತೆ ಇಷ್ಟೇ ಓಡಾಟವಾದರೆ ಬ್ಯಾಟರಿ ಸ್ಕೂಟರ್ ನೋಡಿ. ಅದರ ಬ್ಯಾಟರಿ 3 ಯೂನಿಟ್ ಆಸುಪಾಸು. ತಿಂಗಳಿಗೆ 500 ಕಿ.ಮೀ. ಓಡಿಸಿದರೂ 20–25 ಯೂನಿಟ್ ಸಾಕು. ಗೃಹಜ್ಯೋತಿಗೂ ಹೆಚ್ಚು ಹೊಡೆತ ಬೀಳುವುದಿಲ್ಲ.

ಕೊಳ್ಳುವ ಮೊದಲು ನೆನಪಿಡಿ

• 12 ತಿಂಗಳ ಕರೆಂಟ್ ಬಿಲ್, ಗೃಹಜ್ಯೋತಿ ಮಿತಿ, ಮಂಜೂರಾದ ಲೋಡ್ ಬರೆದಿಟ್ಟುಕೊಳ್ಳಿ.
• ಮೀಟರ್ ಬೋರ್ಡಿನಿಂದ ಪ್ರತ್ಯೇಕ ವೈರ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬೇಡಿ.
• ಪ್ಲಗ್ ಕೊಟ್ಟಿಗೆಯಿಂದ ದೂರ, ಮಳೆ ನೀರು ಬೀಳದ ಕಡೆ, ದನಕರು ಮೂತಿ ಹಾಕದ ಎತ್ತರದಲ್ಲಿರಲಿ.
• ರಾತ್ರಿ 10ರ ಮೇಲೆ ಚಾರ್ಜ್‌ಗೆ ಹಾಕಿ. ಬೆಳಗಿನ ಹಾಲು ಕರೆಯುವ ಯಂತ್ರ ಶುರು ಮಾಡುವ ಮೊದಲು ತೆಗೆಯಿರಿ. ಗುಡುಗು ಸಿಡಿಲಿನ ಹೊತ್ತು ಪ್ಲಗ್ ಕಳಚಿಡಿ.
• ಬ್ಯಾಟರಿ ವಾರಂಟಿ ಬರಹದಲ್ಲಿ ಪಡೆಯಿರಿ. ಹೆಚ್ಚಿನ ಕಾರುಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಇರುತ್ತದೆ.
• ಹಾಲಿನ ಹಣದಿಂದ ಕಂತು ಹೋಗುವುದಾದರೆ ಗಾಡಿಯ ಆರ್‌ಸಿ ನಿಮ್ಮ ಹೆಸರಿನಲ್ಲಿರಲಿ. ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿಕೊಳ್ಳಿ.
• ವಿದ್ಯುತ್ ಸಂಬಂಧದ ದೂರು, ಮಾಹಿತಿಗೆ ಬೆಸ್ಕಾಂ ಸಹಾಯವಾಣಿ 1912.