ಕಾಶಿಯ ಮಳೆಗೆ ನೀಲಿಯಾದ ಮರ

ಕಾಶಿಯಲ್ಲಿದ್ದೇನೆ ಅಂದ ಕೂಡಲೇ ಊರಿನವರು ಕೇಳುವುದು ವಿಶ್ವನಾಥನ ದರ್ಶನದ ಬಗ್ಗೆ. ನನಗೆ ದಿನಾ ದರ್ಶನ ಕೊಡುವುದು ಮರದ ಹಲಗೆಗಳು. ಖೋಜ್ವಾಂ ಬಡಾವಣೆಯ ಕಾಶ್ಮೀರಿಗಂಜ್‌ನ ಗಲ್ಲಿಗಳಲ್ಲಿ ಮರದ ಆಟಿಕೆ ಕಡೆಯುವವರಿದ್ದಾರೆ. ಅವರಿಂದ ಮಾಡಿಸಿ ಹೊರದೇಶಕ್ಕೆ ಕಳಿಸುವ ಒಂದು ಸಣ್ಣ ಘಟಕದಲ್ಲಿ ಮರ ಆರಿಸುವ, ಒಣಗಿಸುವ ಉಸ್ತುವಾರಿ ನನ್ನದು. ಕನ್ನಡ ಕೇಳಬೇಕು ಅನ್ನಿಸಿದರೆ ಜಂಗಮವಾಡಿ ಮಠದ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ.

ನಮ್ಮ ಚನ್ನಪಟ್ಟಣಕ್ಕೂ ಇಲ್ಲಿಗೂ ಬಹಳ ಹೋಲಿಕೆ. ಎರಡೂ ಕಡೆಯ ಆಟಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಎರಡೂ ಕಡೆ ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣ ಹಿಡಿಸುತ್ತಾರೆ. ಅಲ್ಲಿ ಆಲೆ ಮರ. ಇಲ್ಲಿ ಹಿಂದೆ ಕೊರಯ್ಯಾ, ಅಂದರೆ ನಮ್ಮ ಕೊಡಸಿಗ. ಎರಡೂ ಒಂದೇ ಕುಟುಂಬದ ಬಿಳಿ ಮರಗಳು. ಕೊರಯ್ಯಾ ಸಿಗುವುದು ಕಷ್ಟವಾದ ಮೇಲೆ ಇಲ್ಲಿ ನೀಲಗಿರಿ ಬಂತು.

ನಾನು ಬಂದ ಮೊದಲ ಮಳೆಗಾಲ. ಜೂನ್ ಕೊನೆಯಲ್ಲಿ ಮಿಲ್ಲಿನಿಂದ ಹಸಿ ಹಲಗೆ ಬಂದು ಇಳಿಯಿತು. ಸಂಜೆಗೆ ಮೋಡ. ಸಾಗರದ ಅಡಿಕೆ ಅಂಗಳದಲ್ಲಿ ಬೆಳೆದವನಿಗೆ ಮೋಡ ಕಂಡರೆ ಕೈ ತಾನಾಗಿ ಟಾರ್ಪಾಲಿಗೆ ಹೋಗುತ್ತದೆ. ಒಂದರ ಮೇಲೊಂದು ಒತ್ತೊತ್ತಾಗಿ ಪೇರಿಸಿ, ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿಸಿ, ಒಂದು ಹನಿಯೂ ಒಳಗೆ ಹೋಗದಂತೆ ಮಾಡಿದೆ ಎಂದು ಬೀಗಿದೆ. ಹತ್ತು ದಿನ ಬಿಟ್ಟು ತೆಗೆದರೆ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆಲ್ಲ ಹಸಿರು ಪುಡಿ, ಅಡಿಯಲ್ಲಿ ಮಸಿ ಚೆಲ್ಲಿದಂಥ ನೀಲಿ.

ನಮ್ಮ ಹಿರಿಯ ಮಿಸ್ತ್ರಿ ಒದ್ದೆ ಬಟ್ಟೆಯಿಂದ ಒರೆಸಿದರು. ಹಸಿರು ಹೋಯಿತು. ಕೀಸುಳಿ ಹಾಕಿದರು. ನೀಲಿ ಹೋಗಲಿಲ್ಲ. ಹಲಗೆಯ ತುದಿ ಕೊಯ್ದು ತೋರಿಸಿದರು: ಹೊರಗಿನಿಂದ ಒಳಕ್ಕೆ ಬೆಣೆಯಂತೆ ಇಳಿದಿತ್ತು. 'ಬಾಬು, ಇದು ಮೈಮೇಲಿನ ಕೊಳೆಯಲ್ಲ, ರಕ್ತಕ್ಕೆ ಸೇರಿದ್ದು' ಎಂದರು.

ಅವರು ಹೇಳಿದ್ದೇ ವಿಜ್ಞಾನ. ಬೂಷ್ಟು ಮೇಲ್ಮೈಯಲ್ಲಿ ಬೆಳೆದು ಬಣ್ಣದ ಬೀಜಕಣ ಬಿಡುತ್ತದೆ, ಅಷ್ಟೆ. ನೀಲಿ ಕಲೆಯ ಶಿಲೀಂಧ್ರ ಕೆಚ್ಚಿನ ಸುತ್ತಲಿನ ಬಿಳಿ ಭಾಗಕ್ಕೆ ನುಗ್ಗಿ, ಜೀವಕೋಶಗಳಲ್ಲಿ ಉಳಿದ ಸಕ್ಕರೆ, ಪಿಷ್ಟ ತಿನ್ನುತ್ತದೆ. ಅದರ ಎಳೆಗಳೇ ಕಪ್ಪು. ಉಷ್ಣ ಪ್ರದೇಶದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಲೇಸಿಯೊಡಿಪ್ಲೋಡಿಯ ಥಿಯೊಬ್ರೋಮೆ. ಮಾವಿನ ಹಣ್ಣು ತೊಟ್ಟಿನಿಂದ ಕೊಳೆಯುವುದೂ ಇದೇ ಮಹಾಶಯನಿಂದ! ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಮೇಲ್ಮೈ ಬೆಳ್ಳಗಾದೀತು, ಒಳಗಿನದು ಅಲ್ಲೇ ಇರುತ್ತದೆ. ಮರವನ್ನೇ ತಿಂದು ಪುಡಿಮಾಡುವ ಕೊಳೆರೋಗ ಬೇರೆ. ನೀಲಿಯಾದ ಮರದ ಬಲ ಹೆಚ್ಚೇನೂ ಕುಗ್ಗುವುದಿಲ್ಲ, ಪೆಟ್ಟು ತಡೆಯುವ ಶಕ್ತಿ ಸ್ವಲ್ಪ ಇಳಿಯಬಹುದು. ಆದರೆ ಇವುಗಳಿಗೂ ಕೊಳೆಗೂ ಬೇಕಾದದ್ದು ಒಂದೇ: ನೀರು. ಒಣಮರದ ತೂಕದ ಶೇ 20ಕ್ಕಿಂತ ತೇವ ಕಡಿಮೆಯಾದರೆ ಯಾವುದೂ ಬೆಳೆಯದು. ಹಸಿ ಹಲಗೆಯಲ್ಲಿ ಶೇ 30ಕ್ಕೂ ಮೇಲೆ ಇರುತ್ತದೆ. ನಾನು ಮಳೆಯನ್ನು ಹೊರಗಿಟ್ಟೆ, ನೀರನ್ನು ಒಳಗೇ ಕೂಡಿಹಾಕಿದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. 'ಹಸಿ ಅಡಿಕೆನ ಹತ್ತು ದಿನ ಟಾರ್ಪಾಲಿನಡಿ ಇಡ್ತಾರೇನೋ? ಅಷ್ಟು ಗೊತ್ತಾಗ್ಲಿಲ್ವಾ ನಿಂಗೆ?' ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಪಡೆದವನು ನಾನು. ಉತ್ತರ ಇರಲಿಲ್ಲ.

ಹಳೆಯ ಕೆಂಪು, ಹಸಿರು ಅರಗಿನ ಸಾಮಾನಾಗಿದ್ದರೆ ಕಲೆ ಮುಚ್ಚಿಹೋಗುತ್ತಿತ್ತು. ಈಗಿನ ಗಿರಾಕಿಗೆ ಬಣ್ಣವಿಲ್ಲದ, ಮರದ ಗೆರೆ ಕಾಣುವ ಆಟಿಕೆ ಬೇಕು. ಆ ಆರ್ಡರು ತಪ್ಪಿತು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಆರು ಮನೆಗಳವರಿಗೆ ಮೂರು ವಾರ ಕೆಲಸವಿರಲಿಲ್ಲ. ನನ್ನ ಸಂಬಳ ಮಾತ್ರ ಒಂದನೇ ತಾರೀಕಿಗೆ ಬಂತು. ಆ ತಿಂಗಳು ಆ ಗಲ್ಲಿಯಲ್ಲಿ ಚಹಾ ಕುಡಿಯಲು ನನಗೆ ಮುಖವಿರಲಿಲ್ಲ.

ಈಗ ಬೇರೆ ಪಾಠ. ಮರವನ್ನು ಆದಷ್ಟು ಚಳಿಗಾಲದಲ್ಲೇ ತರಿಸುತ್ತೇವೆ. ದಿಮ್ಮಿಯನ್ನು ತಿಂಗಳುಗಟ್ಟಲೆ ಬಿಡದೆ ಬೇಗ ಕೊಯ್ಸಿ, ಕೊಯ್ದ ದಿನವೇ ಬೊರಾಕ್ಸ್, ಬೋರಿಕ್ ಆ್ಯಸಿಡ್ ಕರಗಿಸಿದ ನೀರಿನಲ್ಲಿ ಅದ್ದುತ್ತೇವೆ. ಎರಡು ದಿನ ತಡವಾದರೂ ಶಿಲೀಂಧ್ರ ಒಳಗೆ ಸೇರಿರುತ್ತದೆ, ಆಮೇಲೆ ಮೇಲಿನ ಔಷಧ ಅದನ್ನು ಮುಟ್ಟದು. (ಹಿಂದೆ ಕ್ಲೋರೋಫೀನಾಲ್ ಬಳಸುತ್ತಿದ್ದರು, ಮಗು ಬಾಯಿಗಿಡುವ ಆಟಿಕೆಗೆ ಅದರ ಮಾತೇ ಬೇಡ.) ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಪ್ರತಿ ಸಾಲಿನ ನಡುವೆ ಒಂದು ಇಂಚಿನ ಒಣ ರೀಪು ಇಟ್ಟು ಪೇರಿಸುತ್ತೇವೆ. ರೀಪುಗಳು ಒಂದರ ನೇರಕ್ಕೊಂದು ಇರಬೇಕು, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಮೇಲೆ ತಗಡಿನ ಸೂರು, ಪಕ್ಕಗಳು ತೆರೆದಿರಬೇಕು. ಮೇ ತಿಂಗಳ ಲೂ ಗಾಳಿಗೆ ತುದಿ ಸೀಳದಂತೆ ಅಲ್ಲಿಗೆ ಬಣ್ಣ ಬಳಿಯುತ್ತೇವೆ. ರಫ್ತಿನ ಪೆಟ್ಟಿಗೆಯ ಮರವನ್ನು ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇರುವಂತೆ ಕಾಯಿಸಿ ಮುದ್ರೆ ಒತ್ತುತ್ತಾರೆ. ಅದು ಹುಳುವಿಗೆ. ಒಣಗಿಸದಿದ್ದರೆ ಮುದ್ರೆಯ ಮೇಲೂ ಬೂಷ್ಟು ಬರುತ್ತದೆ, ಹಡಗಿನಲ್ಲಿ.

ನೀಲಿ ಹಲಗೆಗಳನ್ನು ಮಿಸ್ತ್ರಿ ಎಸೆಯಲು ಬಿಡಲಿಲ್ಲ. ರೀಪು ಇಟ್ಟು ಒಣಗಿಸಿ, ಚಳಿಗಾಲದ ಮದುವೆಗಳಿಗೆ ಕೆಂಪು ಅರಗಿನ ಸಿಂಧೋರಾ, ಅಂದರೆ ಕುಂಕುಮದ ಭರಣಿ, ಕಡೆದರು. ಒಂದನ್ನು ಅಮ್ಮನಿಗೆ ಕೊಟ್ಟು ಬಂದಿದ್ದೇನೆ. ಮುಚ್ಚಳ ತೆಗೆದರೆ ಒಳಗೆ ನೀಲಿ ಗೆರೆ ಈಗಲೂ ಕಾಣುತ್ತದೆ.