ಮೋಟಾರು ವಾಹನೋದ್ಯಮದಲ್ಲಿ ಐರೋಪ್ಯ ಪ್ರಭಾವ: ಕನ್ನಡನಾಡಿನ ದೃಷ್ಟಾಂತ

ಗಂಗಾವತಿ ಸೀಮೆಯ ಹನುಮನಹಳ್ಳಿಯು ತುಂಗಭದ್ರೆಯ ಉತ್ತರದ ದಡದಲ್ಲಿ, ಅಂಜನಾದ್ರಿಯ ಸಮೀಪದಲ್ಲಿರುವ ಗ್ರಾಮ. ವಾಯುಪುತ್ರನ ಹೆಸರನ್ನು ಹೊತ್ತ ಈ ಹಳ್ಳಿಯ ದಾರಿಯಲ್ಲಿ ಓಡುವ ಬಸ್ಸು ಲಾರಿಗಳ ಪರಿಭಾಷೆಯನ್ನು ಗಮನಿಸಿದರೆ, ಅದರ ಬಹುಭಾಗವು ಯೂರೋಪಿನಿಂದ ಬಂದುದೆಂದು ತಿಳಿಯುತ್ತದೆ. ಚಾಸಿ, ಗ್ಯಾರೇಜು ಎಂಬ ಮಾತುಗಳು ಫ್ರೆಂಚಿನಲ್ಲಿ ಹುಟ್ಟಿ, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಇಳಿದವು. ಡೀಸೆಲೆಂಬುದಾದರೋ ಮೊದಲಿಗೆ ಎಣ್ಣೆಯ ಹೆಸರೇ ಅಲ್ಲ. ಜರ್ಮನ್ ಯಂತ್ರಶಿಲ್ಪಿ ರುಡಾಲ್ಫ್ ಡೀಸೆಲನ ಮನೆತನದ ಹೆಸರು.

ಈ ಶಬ್ದಗಳ ಹಿಂದೆ ಉದ್ಯಮದ ಚರಿತ್ರೆಯೇ ಅಡಗಿದೆ. ಕಾರ್ಲ್ ಬೆನ್ಸನು ತನ್ನ ಮೋಟಾರು ಬಂಡಿಗೆ ಹಕ್ಕುಪತ್ರವನ್ನು ಬೇಡಿದುದು ೧೮೮೬ರಲ್ಲಿ. ೧೮೯೧ರಲ್ಲಿ ಫ್ರಾನ್ಸಿನ ಪನಾರ್ ಮತ್ತು ಲವಾಸೊರ್ ಸಂಸ್ಥೆಯವರು ಯಂತ್ರವನ್ನು ಮುಂದಿರಿಸಿ ಹಿಂದಿನ ಗಾಲಿಗಳನ್ನು ತಿರುಗಿಸುವ ಏರ್ಪಾಡನ್ನು ಮಾಡಿದರು. ಬಹುಕಾಲ ಜಗತ್ತೆಲ್ಲವೂ ಅದನ್ನೇ ಅನುಸರಿಸಿತು. ಅಗ್ಗವಾಗಿಯೂ ಹೇರಳವಾಗಿಯೂ ತಯಾರಿಸುವ ವಿಧಾನವು ಮಾತ್ರ ಅಮೆರಿಕೆಯ ಕೊಡುಗೆ.

ಮೈಸೂರು ಸೀಮೆಯಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಬಹಳವಾಗಿ ಶ್ರಮಿಸಿದರು. ಆ ಕಾರ್ಖಾನೆ ಇಲ್ಲಿ ಏಳಲಿಲ್ಲ. ೧೯೪೪ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಸಂಸ್ಥೆಯು ಮುಂಬಯಿಯಲ್ಲಿ ಸ್ಥಾಪಿತವಾಯಿತು; ಇಟಲಿಯ ಫಿಯಟ್ ಕಾರುಗಳು ಮುಂದೆ ಅಲ್ಲಿ ತಯಾರಾದವು. ಹೀಗೆ ಕಾರು ಕೈತಪ್ಪಿದರೂ, ಐರೋಪ್ಯ ವಿದ್ಯೆಯು ಬೇರೊಂದು ಬಾಗಿಲಿನಿಂದ ಬಂದಿತು. ಈ ಸಂಗತಿಗೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲ.

೧೮೯೭ರಲ್ಲಿ ನಡೆದ ಡೀಸೆಲನ ಯಂತ್ರದಲ್ಲಿ ಎಣ್ಣೆಯನ್ನು ಒತ್ತಿದ ಗಾಳಿಯಿಂದ ಒಳಕ್ಕೆ ಊದಬೇಕಾಗಿದ್ದಿತು. ಅದಕ್ಕೆ ಬೇಕಾದ ಗಾಳಿಯಂತ್ರದ ಭಾರದಿಂದಾಗಿ ಅದು ರಸ್ತೆಗೆ ಒದಗಲಿಲ್ಲ. ೧೯೨೭ರಲ್ಲಿ ರಾಬರ್ಟ್ ಬಾಷ್ ಸಂಸ್ಥೆಯು ಎಣ್ಣೆಯನ್ನೇ ನೇರವಾಗಿ ಚಿಮ್ಮಿಸುವ ಪಂಪನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಡೀಸೆಲ್ ಲಾರಿಯ ಪ್ರಚಾರಕ್ಕೆ ಇದೇ ಮುಖ್ಯ ಕಾರಣ. ಆ ಪಂಪಿನ ಕೊಳವೆಗೂ ಅದರೊಳಗೆ ಆಡುವ ದಿಂಡಿಗೂ ನಡುವಣ ಸಂದು ಮಿಲಿಮೀಟರಿನ ಕೆಲವೇ ಸಾವಿರದ ಭಾಗಗಳಷ್ಟು. ಎರಡನ್ನೂ ಜೋಡಿಮಾಡಿ ನಯಗೊಳಿಸಿದ ಮೇಲೆ ಒಂದರ ದಿಂಡನ್ನು ಮತ್ತೊಂದರ ಕೊಳವೆಗೆ ಹಾಕುವಂತಿಲ್ಲ. ೧೯೫೧ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾದ ಮೈಕೊ ಕಂಪನಿಯು ಬೆಂಗಳೂರಿನ ಕೆಲಸಗಾರರಿಗೆ ಕಲಿಸಿದುದು ಇಂಥ ಸೂಕ್ಷ್ಮವಿದ್ಯೆಯನ್ನು. ಕಂಪನಿಯ ಹೆಸರು ೨೦೦೮ರಲ್ಲಿ ಬಾಷ್ ಎಂದಾಯಿತು. ಬಡಾವಣೆಯ ಹೆಸರಿನಲ್ಲಿ ಮೈಕೊ ಉಳಿದಿದೆ.

ಎರಡನೆಯ ಬಾಗಿಲು ಬಸ್ಸು. ಭಾರತದ ಬಸ್ಸುಗಳು ಬಹುಕಾಲ ಲಾರಿಯ ಚಾಸಿಯ ಮೇಲೆ ಕಟ್ಟಿದ ಪೆಟ್ಟಿಗೆಗಳೇ ಆಗಿದ್ದವು. ಚಾಲಕನ ಪಕ್ಕದಲ್ಲಿ ಯಂತ್ರದ ಕಾವೂ ಸದ್ದೂ ತಪ್ಪುತ್ತಿರಲಿಲ್ಲ. ೨೦೦೧ರಲ್ಲಿ ಸ್ವೀಡನ್ನಿನ ವೋಲ್ವೋ ಸಂಸ್ಥೆಯು ಹೊಸಕೋಟೆಯಲ್ಲಿ ಬಸ್ಸುಗಳ ತಯಾರಿಕೆಯನ್ನು ಆರಂಭಿಸಿತು. ಅವುಗಳಲ್ಲಿ ಯಂತ್ರವು ಹಿಂದಕ್ಕೆ ಸರಿಯಿತು. ‘ಉರುಳುತ್ತೇನೆ’ ಎಂಬ ಅರ್ಥದ ಈ ಲ್ಯಾಟಿನ್ ಕ್ರಿಯಾಪದವನ್ನು ೧೯೧೫ರಲ್ಲಿ ಗುಂಡುಬೇರಿಂಗುಗಳಿಗಾಗಿ ನೋಂದಾಯಿಸಿದ್ದರು. ರಾಜ್ಯದ ಸಾರಿಗೆ ನಿಗಮವು ಅಂಥ ಬಸ್ಸುಗಳಿಗೆ ‘ಐರಾವತ’ವೆಂದು ಹೆಸರಿಟ್ಟಿತು. ಜನರಾದರೋ ಯಾರು ತಯಾರಿಸಿದ ತಂಪುಬಸ್ಸನ್ನಾದರೂ ವೋಲ್ವೋ ಎಂದೇ ಕರೆಯುವುದುಂಟು. ಅಂಕಿತನಾಮವು ರೂಢನಾಮವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ವೈಯಾಕರಣರು ಹುಡುಕಬೇಕಾಗಿಲ್ಲ.

ಹನುಮನಹಳ್ಳಿಯಿರುವ ಕೊಪ್ಪಳ ಜಿಲ್ಲೆಗೂ ಈ ಉದ್ಯಮದಲ್ಲಿ ಪಾಲುಂಟು. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಅದಿರನ್ನು ಕರಗಿಸಿ, ವಾಹನ ಮತ್ತು ಟ್ರಾಕ್ಟರುಗಳ ಎಂಜಿನುಗಳಿಗೆ ಬೇಕಾದ ಸಿಲಿಂಡರ್ ಬ್ಲಾಕುಗಳನ್ನು ಎರಕಹೊಯ್ಯುತ್ತಾರೆ.