ಮೊಟ್ಟೆ ಜಗಳಕ್ಕೆ ತಕ್ಕಡಿ ಕೊಟ್ಟ ಉತ್ತರ

ನಾಗಸಂದ್ರ ಮೆಟ್ರೋ ಇಳಿದು ಒಳಬೀದಿಗಳಲ್ಲಿ ಮಗುವಿಗೆ ಶಾಲೆ ಹುಡುಕುತ್ತಿದ್ದೀರಾ? ಸ್ಮಾರ್ಟ್ ಬೋರ್ಡ್, ಟ್ಯಾಬ್, ಅಬಾಕಸ್ ಅಂತ ಶಾಲೆಯವರು ಪಟ್ಟಿ ಓದುವಾಗ, 'ಇದರಿಂದ ಮಕ್ಕಳಿಗೆ ಏನು ಉಪಯೋಗ ಆಯ್ತು, ಯಾರಾದ್ರೂ ಲೆಕ್ಕ ಇಟ್ಟಿದ್ದೀರಾ?' ಅಂತ ಒಮ್ಮೆ ಕೇಳಿ ನೋಡಿ. ಶಾಲೆ ನಡೆಸುವುದಕ್ಕೂ ಸಂಶೋಧನೆಗೂ ಏನು ಸಂಬಂಧ ಅನ್ನಿಸಿದರೆ, ನಮ್ಮ ರಾಜ್ಯದ ಮೊಟ್ಟೆ ಕಥೆ ಕೇಳಬೇಕು.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದಲ್ಲಿ ಮತ್ತು ವಿಜಯಪುರದಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಶುರು ಮಾಡಿದರು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ನಮಗೆ ಮೊಟ್ಟೆ ಬೇಕು ಅಂತ ಶಾಲಾ ಬಾಲಕಿಯೊಬ್ಬಳು ಗಟ್ಟಿಯಾಗಿ ಹೇಳಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಹೀಗೇ ಬಿಟ್ಟಿದ್ದರೆ ಯಾರ ದನಿ ಜೋರೋ ಅವರದ್ದೇ ತೀರ್ಮಾನ ಆಗುತ್ತಿತ್ತು.

ಆದರೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮಕ್ಕಳ ತೂಕ ನೋಡಿದರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಒಂದು ಕಡೆ, ಸಿಗದ ಗದಗ ಇನ್ನೊಂದು ಕಡೆ. ಯಾದಗಿರಿ ಮಕ್ಕಳೇ ಮುಂದೆ. ಹೆಚ್ಚು ಲಾಭವಾಗಿದ್ದು 8ನೇ ತರಗತಿ ಹುಡುಗಿಯರಿಗೆ: ಗದಗದವರಿಗಿಂತ ಇವರ ತೂಕದ ಏರಿಕೆ 71% ವರೆಗೆ ಜಾಸ್ತಿ! 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು, ವರ್ಷಕ್ಕೆ 46 ದಿನ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಇದಕ್ಕೆಲ್ಲ ಆ ಒಂದು ಅಧ್ಯಯನವೇ ಕಾರಣ ಅಂತಲ್ಲ, ರಾಜಕೀಯ, ದುಡ್ಡು ಎಲ್ಲ ಸೇರಿದೆ. ಎರಡು ಜಿಲ್ಲೆಗಳ ಮಧ್ಯೆ ಮೊಟ್ಟೆ ಬಿಟ್ಟು ಬೇರೆ ವ್ಯತ್ಯಾಸಗಳೂ ಇರುತ್ತವೆ. ತೂಕ ಏರಿದ ಮಾತ್ರಕ್ಕೆ ಭಾಗಾಕಾರ ಬರುತ್ತೆ ಅಂತಾನೂ ಅಲ್ಲ. ಆದರೂ ವಾದಕ್ಕೆ ಒಂದು ಆಧಾರ ಸಿಕ್ಕಿತು ನೋಡಿ.

ನಿಮ್ಮ ಬಡಾವಣೆಯ ಶಾಲೆಗೆ ಇಷ್ಟು ದೊಡ್ಡ ಅಧ್ಯಯನ ಬೇಕಿಲ್ಲ. ಬಿಎಡ್ ಮಾಡಿದ ಟೀಚರ್‌ಗಳಿಗೆ 'ಕ್ರಿಯಾ ಸಂಶೋಧನೆ' ಗೊತ್ತೇ ಇರುತ್ತೆ. ಎಷ್ಟೋ ಕಡೆ ಅದು ಮಾರ್ಕ್ಸ್‌ಗಾಗಿ ಮಾಡಿದ ಪ್ರಾಜೆಕ್ಟ್ ಆಗಿ ಬೀರುವಿನಲ್ಲೇ ಉಳಿದಿದೆ, ಪಾಪ. ಎ ಸೆಕ್ಷನ್‌ಗೆ ಟ್ಯಾಬ್, ಬಿ ಸೆಕ್ಷನ್‌ಗೆ ಮಾಮೂಲಿ ನೋಟ್‌ಬುಕ್ ಕೊಡಿ. ಜೂನ್‌ನಲ್ಲೊಂದು, ದಸರಾ ರಜೆಗೆ ಮುಂಚೆ ಇನ್ನೊಂದು, ಇಬ್ಬರಿಗೂ ಒಂದೇ ಪರೀಕ್ಷೆ. ಯಾರು ಎಲ್ಲಿಂದ ಎಲ್ಲಿಗೆ ಬಂದರು ಅಂತ ನೋಡಿದರೆ ಸಾಕು, ಮುಂದಿನ ವರ್ಷ ಟ್ಯಾಬ್ ಫೀಸ್ ಕೇಳಬೇಕೋ ಬೇಡವೋ ಅಂತ ಹೆಡ್‌ಮಿಸ್‌ಗೇ ಗೊತ್ತಾಗುತ್ತೆ. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಆ ಎರಡು ಪರೀಕ್ಷೆಯ ಅಂಕಪಟ್ಟಿ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಫೀಸ್ ಕಟ್ಟೋದು ನೀವೇ ಅಲ್ವಾ?